ತಟ್ಟೆಯಲ್ಲಿ ಮಗುಚಿಟ್ಟ ಕುಬಸ

ಮಗಳ ಮದುವೆಯಲ್ಲಿ ಬೀಗತಿ ಸಕ್ಕುಬಾಯಿ ಅಷ್ಟು ಜನರ ನಡುವೆ ಉಡುಗೊರೆಯ ಕುಪ್ಪಸ ಮಗುಚಿ ತೋರಿಸಿದ್ದನ್ನು ಶಿವಗಂಗವ್ವ ಮರೆತಿರಲಿಲ್ಲ. ಮರೆಯುವ ಜಾತಿಯವಳೂ ಅಲ್ಲ ಅವಳು. ಆ ಕುಪ್ಪಸಕ್ಕೆ ಅವಳೇ ಕಸೂತಿಯ ಹೂವು ಹಾಕಿದ್ದಳು. ಮುಂದಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಹಿಂದೆ ಮಾತ್ರ ಹೂವಿಗೊಂದು ಗಂಟು.

"ಬೀಗತೇರ, ಕಸೂತಿ ಹಾಕೀರೋ, ಗಂಟುಮೂಟಿ ಕಟ್ಟೀರೋ?" ಎಂದಿದ್ದಳು ಸಕ್ಕುಬಾಯಿ. ಹಂದರವೆಲ್ಲ ನಕ್ಕಿತ್ತು.

ಎಪ್ಪತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಆ ಮಗಳು, ಇಂದೂ, ಬಸುರಿಯಾದಳು. ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ. ತವರಿನವರು ಹಸಿರು ಕುಪ್ಪಸ ಒಯ್ದು ಮಗಳಿಗೆ ತೊಡಿಸಬೇಕು. ಶಿವಗಂಗವ್ವನ ಗಂಡ ರಾಮಲಿಂಗಪ್ಪ ಖಡಕಿಯ ಕಾರ್ಖಾನೆಯಲ್ಲಿ ಫಿಟ್ಟರು. ಅಂಗಡಿಯಿಂದ ಒಂದು ತಂದರಾಯಿತು ಎಂದ.

"ತರ್ರಿ. ತಂದು ನೀವ ತೊಡ್ಕೊರ್ರಿ," ಎಂದಳು ಶಿವಗಂಗವ್ವ. "ನನ್ನ ಮಗಳಿಗೆ ನಾ ಕೈಲೆ ಹಾಕಿದ್ದ ಒಯ್ತೀನಿ. ಆ ಬೀಗತಿ ಹಿಂದ ನೋಡ್ಲಿ, ಮುಂದ ನೋಡ್ಲಿ."

ಆದರೆ ಅವಳಿಗೆ ಬರುತ್ತಿದ್ದದ್ದು ಮೆಂತೆ ಹೊಲಿಗೆ ಒಂದೇ. ಅದು ಮುಂದೆ ಗುಣಿಸು ಚಿಹ್ನೆಯ ಹಾಗೆ ಕಂಡರೂ ಹಿಂದೆ ಬೇರೆಯೇ. ಎರಡೂ ಬದಿ ಒಂದೇ ಥರ ಬರುವ ಗವಂತಿ, ಮುರಗಿ ಹೊಲಿಗೆ ಹಾಕಬಲ್ಲವಳು ಪಿಂಪ್ರಿಯಲ್ಲಿದ್ದ ಧಾರವಾಡದ ಮುದುಕಿ ಗೌರಾಬಾಯಿ. ಶಿವಗಂಗವ್ವ ಲೋಕಲ್ ರೈಲು ಹತ್ತಿ ಹೋದಳು.

"ಹತ್ತು ವರ್ಷದಾಕಿ ಇದ್ದಾಗಿಂದ ಹೊಲೀತೀನ್ರಿ," ಎಂದು ಮುದುಕಿ ಕೊಟ್ಟ ಬಟ್ಟೆಯ ಮೇಲೆ ಶಿವಗಂಗವ್ವ ಒಂದು ಸಾಲು ಮೆಂತೆ ಹಾಕಿ ತೋರಿಸಿದಳು.

ಗೌರಾಬಾಯಿ ಮುಂದಿನ ಬದಿಯನ್ನು ನೋಡಲೇ ಇಲ್ಲ. ಮಗುಚಿ ನೋಡಿ, "ಹತ್ತು ವರ್ಷದಾಕಿ ಹೊಲದಂಗನ ಅದ," ಎಂದಳು. ಶಿವಗಂಗವ್ವನಿಗೆ ಎದ್ದು ಬರಬೇಕೆನಿಸಿತು. ಸಕ್ಕುಬಾಯಿಯ ನಗೆ ನೆನಪಾಗಿ ಕೂತಳು. ಸಾಲನ್ನು ಬಿಚ್ಚಲು ಹೋದರೆ ಮುದುಕಿ ಕೈ ಹಿಡಿದಳು. "ಇರ್ಲಿ. ಇದರ ಕೆಳಗ ಉಳಿದದ್ದು ಕಲಿ. ಈ ಬಟ್ಟಿ ತುಂಬೂತನಕ ಕುಬಸ ಮುಟ್ಟಬ್ಯಾಡ."

ಎಳೆ ಎಣಿಸಲು ಬರುವ ದಪ್ಪ ಬಿಳಿ ಬಟ್ಟೆ ಅದು. ಗವಂತಿಯಲ್ಲಿ ಒಂದು ಹೊಲಿಗೆ ಹಾಕಿ ಒಂದರ ಜಾಗ ಬಿಡುತ್ತ ಹೋಗಬೇಕು. ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಮುರಗಿ ಅದೇ ನಡಿಗೆ, ಮೆಟ್ಟಿಲು ಮೆಟ್ಟಿಲಾಗಿ. ಗಂಟು ಎಲ್ಲೂ ಕೂಡದು, ಗೆರೆ ಬರೆದುಕೊಳ್ಳುವಂತಿಲ್ಲ. ತುಳಸಿಕಟ್ಟೆಯ ಚಿತ್ತಾರ ಹೇಗೋ ದಾಟಿತು. ಆನೆಯ ಸೊಂಡಿಲಲ್ಲಿ ಮೂರು ಸಲ ಸೂಜಿಗೆ ಮರಳುವ ದಾರಿ ತಪ್ಪಿತು. ಮೂರನೆಯ ಸಲ ಮನೆಯಲ್ಲಿ ಅವಳು ಬಟ್ಟೆಯನ್ನು ಗೋಡೆಗೆ ಬೀಸಿ ಒಗೆದಳು.

"ಆನಿ ಏನ್ ಮಾಡ್ತು ಪಾಪ?" ಎಂದ ರಾಮಲಿಂಗಪ್ಪ.

"ನೀವ್ ಸುಮ್ನಿರ್ರಿ, ಇಲ್ಲಾಂದ್ರ ಸೂಜಿ ನಿಮಗ ಚುಚ್ಚತೀನಿ!"

ಮರುದಿನ ಪಿಂಪ್ರಿಯಲ್ಲಿ ಗೌರಾಬಾಯಿ ಅವಳ ಕೈಯಿಂದ ಸೂಜಿ ಕಸಿದುಕೊಂಡಳು. "ಮೊದಲಿಗೆ ಬರೇ ಬೆರಳಿಲೆ ನಡಿ. ಹೋಗೂದು ಎಲ್ಲಾರಿಗೂ ಬರ್ತದ ಗಂಗವ್ವ. ತಿರುಗಿ ಬರೂ ದಾರಿ ಗೊತ್ತಾದ ಮ್ಯಾಲ ಸೂಜಿ ಹಿಡಿ."

ಅಂದಿನಿಂದ ಲೋಕಲಿನಲ್ಲಿ ಅವಳ ಬೆರಳು ತೊಡೆಯ ಮೇಲೆ ಆನೆ ಬರೆಯುತ್ತಿತ್ತು. ಕಾಲಿನಿಂದ ಹೊಟ್ಟೆಗೆ, ಸೊಂಡಿಲಿಗೆ, ಮತ್ತೆ ಹಿಂದಕ್ಕೆ. ಎದುರಿಗೆ ಕೂತ ಮರಾಠಿ ಹೆಂಗಸು ಗಾಬರಿಯಾಗಿ ಸರಿದು ಕೂತಳು. ಎರಡು ತಿಂಗಳಿಗೆ ಬಟ್ಟೆ ತುಂಬಿತು. ಕೊನೆಯ ಸಾಲನ್ನು ಗೌರಾಬಾಯಿ ಮಗುಚಿದಳು, ಮತ್ತೆ ಮಗುಚಿದಳು, ಕನ್ನಡಕ ಒರೆಸಿಕೊಂಡಳು. "ಹೋಗು, ಕುಬಸ ಹಿಡಿ," ಎಂದಳು.

ಹಡಪಸರದ ಬೀಗರ ಮನೆಯಲ್ಲಿ ಕಾರ್ಯದ ದಿನ ಶಿವಗಂಗವ್ವ ಕುಬಸವನ್ನು ಬೇಕೆಂದೇ ಒಳಬದಿ ಮೇಲೆ ಮಾಡಿ ತಟ್ಟೆಯಲ್ಲಿಟ್ಟಳು. ತೋಳು ಜೋಡಿಸಿದ ಅಂಚು ಕಾಣದ ಹಾಗೆ ಮಡಚಿದ್ದಳು. ತೋಳ ತುಂಬ ಕೆಂಪು ಆನೆಗಳು.

"ಬೀಗತೇರ, ಈ ಸಲ ಚಂದ ಹಾಕೀರಿ," ಎಂದಳು ಸಕ್ಕುಬಾಯಿ. ಬಾಯಿ ಹಾಗೆಂದರೂ ಕೈ ಸುಮ್ಮನಿರಲಿಲ್ಲ. "ಹಿಂದ ನೋಡೂಣಂತ," ಎಂದು ಮಗುಚಿದಳು. ಅದೇ ಆನೆಗಳು. ಮತ್ತೆ ಮಗುಚಿದಳು. ಸುತ್ತ ನಿಂತ ಹೆಂಗಸರು ಬಗ್ಗಿದರು. "ಹಿಂಬದಿ ಯಾವುದ್ರಿ ಇದರದ್ದು?" ಎಂದು ಸಕ್ಕುಬಾಯಿ ಕೇಳಿದಳು.

"ನೀವ ಈಗ ಹೊಗಳಿದ್ರಲ್ಲ, ಅದ ಹಿಂಬದಿ!" ಎಂದಳು ಶಿವಗಂಗವ್ವ.

ನಗು ಎದ್ದಿತು, ಎಲ್ಲರಿಗಿಂತ ಜೋರಾಗಿ ನಕ್ಕವಳು ಮಗಳು ಇಂದೂ. ಕಡೆಗೆ ಸಕ್ಕುಬಾಯಿಯೂ ನಕ್ಕುಬಿಟ್ಟಳು. ಎಲ್ಲಿ ಕಲಿತಿರಿ ಎಂದು ಕೇಳಿದಳು.

ಶಿವಗಂಗವ್ವ ಚೀಲದಿಂದ ತಾನು ಕಲಿತ ಆ ಬಿಳಿ ಬಟ್ಟೆ ತೆಗೆದು, ಹಿಂಬದಿ ಮೇಲೆ ಮಾಡಿ, ಅವಳ ಮಡಿಲಲ್ಲಿ ಹರಡಿದಳು. ಮೇಲಿನ ಸಾಲಿನ ಗಂಟುಗಳ ಮೇಲೆ ಬೀಗತಿಯ ಬೆರಳು ನಿಂತಿತು.

"ಅವೂ ನನ್ನವ," ಎಂದಳು ಶಿವಗಂಗವ್ವ. "ನೋಡ್ರಿ, ಮುಟ್ಟಿ ನೋಡ್ರಿ. ಅಲ್ಲಿಂದ ಇಲ್ಲೀತನಕ ಬಂದೀನಿ."