ತುಂಬದ ಹೊಳೆಗೆ ಬಾಗಿನ

ಕಂಪನಿಯ ಕೂಲಿ ಕ್ಯಾಂಪಿಗೆ ನೀರು ನಿಲ್ಲಿಸಿದ್ದರು. ನಿನ್ನೆ ಬೆಳಿಗ್ಗೆ ವಾಲ್ವ್ ತಿರುಗಿಸಿ ಬೀಗ ಜಡಿದವರು ಇನ್ನೂ ತೆಗೆದಿರಲಿಲ್ಲ.

ಅದು ಪದ್ಮಮ್ಮನಿಗೆ ಗೊತ್ತಿರಲಿಲ್ಲ. ಈ ಅರಬ್ ನಾಡಿನ ರುಸೈಲ್ ಪಟ್ಟಣದಾಚೆ, ಇಲ್ಲಿಯವರು ವಾದಿ ಎನ್ನುವ ಒಣಹೊಳೆಯ ದಂಡೆಯಲ್ಲಿ, ಮರಳ ಮೇಲೆ ಹಾಸಿದ ಕೆಂಪು ಕಾರ್ಪೆಟ್ಟಿನ ತುದಿಗೆ ನಿಂತು ಆಕೆ ಬಾಗಿನದ ಮೊರಗಳನ್ನು ಸೆರಗಿನಡಿ ಹಿಡಿದಿದ್ದಳು. ಅಂಗೈ ಬೆವೆತು ಅರಿಶಿನದ ದಾರ ಬೆರಳಿಗೆ ಅಂಟುತ್ತಿತ್ತು. ಎದುರಿಗೆ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೊನ್ನೆ ಸಂಜೆ ವಾಕಿಂಗ್ ಬಂದಾಗ ಬಂಡೆಯ ಬುಡದಲ್ಲಿ ಇದ್ದದ್ದು ಅಂಗೈಯಗಲದ ತೇವ. ಅಷ್ಟಕ್ಕೇ ಖುಷಿಯಿಂದ ಕಣ್ಣು ತುಂಬಿಕೊಂಡು ಮನೆಗೆ ಹೋಗಿದ್ದಳು.

ಅಧಿಕಾರಿಗಳ ಕಾಲನಿಗೂ ಕ್ಯಾಂಪಿಗೂ ಈ ದಂಡೆಯ ಒಂದೇ ಬಾವಿ. ಬಾವಿಯಿಂದ ನೀರು ಎಳೆದಷ್ಟೂ ವಾದಿ ಒಣಗುತ್ತದೆ ಎಂದು ಕಂಪನಿಯ ನೀರಿನ ಇಂಜಿನಿಯರ್ ಆಗಿದ್ದ ಗಂಡ ಬಾಲಸುಬ್ರಹ್ಮಣ್ಯ ಉಣ್ಣುತ್ತಾ ಹೇಳಿದ್ದೇ ನೆಪವಾಯಿತು. ಅಕ್ಕಿ ತೊಳೆದ ನೀರು ಗಿಡಕ್ಕೆ, ಎಸಿ ಹನಿಸಿದ್ದು ನೆಲ ಒರೆಸಲಿಕ್ಕೆ ಎಂದು ಪದ್ಮಮ್ಮ ಕಾಲನಿಯ ಮನೆಮನೆ ಅಲೆದಳು. "ಬಕೆಟ್ ಪದ್ಮಮ್ಮ ಬಂದ್ಲು, ನಲ್ಲಿ ಮುಚ್ಚಿ" ಎಂದು ಹೆಂಗಸರು ಆಡಿಕೊಂಡರು. "ನಗ್ರಮ್ಮ ನಗ್ರಿ, ಈ ವಾದಿ ತುಂಬಿದ ದಿನ ನಮ್ಮ ಮೈಸೂರು ಕಡೆ ಥರ ಬಾಗಿನ ಕೊಡ್ತೀನಿ" ಎಂದು ಮೀಟಿಂಗಿನಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು. ಮ್ಯಾನೇಜರ್ ಡಿಯೋನ್ ಆ ಮಾತನ್ನು ಹಿಡಿದುಕೊಂಡ. ಕಂಪನಿಯ ದೊಡ್ಡ ಸಾಹೇಬರು ಬರುವ ಈ ದಿನಕ್ಕೆ ವಾದಿ ತುಂಬಬೇಕಿತ್ತು. ತುಂಬಿತು.

ಶರಬತ್ತಿನ ಟ್ರೇ ಹೊತ್ತು ಬಂದ ಕ್ಯಾಂಟೀನಿನ ಸುಂದರಿ ಪಕ್ಕದಲ್ಲಿ ನಿಂತಳು.

"ನಿಮ್ಮ ಹೊಳೆ ಭಾರೀ ಚಂದ ಉಂಟು ಪದ್ಮಕ್ಕ. ಒಂದು ಕೊಡಪಾನ ತುಂಬಿಸ್ಕೊಂಡು ಹೋಗ್ಲಾ?"

"ಯಾಕೇ, ಕ್ಯಾಂಪಲ್ಲಿ ನೀರಿಲ್ವಾ?"

"ಎಲ್ಲಿಂದ ಬರುದು? ನಿನ್ನೆಯಿಂದ ಬಂದ್. ನಮ್ಮ ತಮ್ಮ ಕೊಗ್ಗ ಸಿಮೆಂಟಿನ ಮೈಯಲ್ಲೇ ಮಲಗಿದ್ದು. ಕ್ಯಾಂಪಿನವರ ಪಾಲಿನ ನೀರನ್ನು ಟ್ಯಾಂಕರಿಗೆ ತುಂಬಿಸಿ ಆ ತಿರುವಿನ ಹಿಂದೆ ಬಿಡ್ತಾ ಇದ್ದಾರಲ್ಲ." ಪದ್ಮಮ್ಮನ ಮುಖ ನೋಡಿ ಅವಳ ದನಿ ತಗ್ಗಿತು. "ನಿಮಗೆ ಗೊತ್ತಿಲ್ವಾ? ನಿಮ್ಮ ಯಜಮಾನ್ರೇ ನಿಂತು ತುಂಬಿಸಿದ್ದು ಮಾರಾಯ್ರೆ."

ಇಷ್ಟು ಹೊತ್ತು ಜನರೇಟರಿನದು ಎಂದುಕೊಂಡಿದ್ದ ಮೋಟಾರಿನ ಗುರುಗುಟ್ಟುವಿಕೆ ಈಗ ಕಿವಿಯೊಳಗೇ ಹೊಕ್ಕಿತು. ಪದ್ಮಮ್ಮ ಹಿಂದೆ ನಿಂತಿದ್ದ ಗಂಡನತ್ತ ತಿರುಗಿದಳು.

"ಹೌದೇನ್ರೀ?"

ಬಾಲಸುಬ್ರಹ್ಮಣ್ಯ ತನ್ನ ಬೂಟು ನೋಡಿಕೊಂಡ. "ಸಂಜೆಗೆ ಬಿಡ್ತೀವಿ ಕಣೇ. ಮುಂದಿನ ವಾರ ನನ್ನ ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು. ಈಗ ಶುರು ಹಚ್ಕೋಬೇಡ. ತೇಲಿಬಿಟ್ಟು ಬಾ."

"ಯಲ್ಲಾ, ನಡೀರಿ ಆಂಟಿ," ಡಿಯೋನ್ ಕೈ ಬೀಸಿದ. "ಪೂಜೆ ಅಂತ ಮಾತ್ರ ಹೇಳ್ಬೇಡಿ, ಕಲ್ಚರಲ್ ಅನ್ನಿ. ಒಂದು ಫೋಟೋ, ಖಲಾಸ್."

ಪದ್ಮಮ್ಮ ಇಳಿದು ಹೋದಳು. ನೀರಿಗೆ ತುಕ್ಕಿನ ವಾಸನೆಯಿತ್ತು. ಬಂಡೆಯ ಬುಡದಲ್ಲಿ ತನ್ನ ಅಂಗೈಯಗಲದ ತೇವ ಹುಡುಕಿದಳು. ಈ ನೀರಿನಡಿ ಅದೂ ಕಾಣಲಿಲ್ಲ.

"ಹಾಂ, ಈಗ ನೀರಿಗೆ ಬಿಡಿ ಆಂಟಿ."

"ಬಾಗಿನ ತುಂಬಿದ ಹೊಳೆಗೆ ಕೊಡೋದು. ಇದು ಆ ಕ್ಯಾಂಪಿನ ಹುಡುಗರ ಸ್ನಾನದ ನೀರು. ನಾನು ಬಿಡಲ್ಲ."

"ಪದ್ಮಾ..." ಗಂಡನ ದನಿಯಲ್ಲಿ ಗದರಿಕೆಗಿಂತ ಬೇಡಿಕೆಯಿತ್ತು.

"ಮೊದ್ಲು ಹೋಗಿ ಆ ಬೀಗ ತೆಗೀರಿ."

ಆಕೆ ಬಂಡೆಯ ಮೇಲೆ ಕೂತು ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡಳು. ತಿರುವಿನ ಹಿಂದೆ ಟ್ಯಾಂಕರು ಬರಿದಾಗಿ ಮೋಟಾರು ಕೆಮ್ಮಿ ನಿಂತಿತು. ನೀರು ಸಣ್ಣಗಾಗುತ್ತಾ ಬಂತು. ಕಲ್ಲುಗಳು ಒಂದೊಂದಾಗಿ ತಲೆಯೆತ್ತಿದವು.

"ಬೇಗ ಆಂಟಿ, ನೀರು ಹೋಗ್ತಾ ಉಂಟು," ಡಿಯೋನ್ ಕೂಗಿದ.

ಪದ್ಮಮ್ಮ ಸೆರಗನ್ನು ಮೊರದ ಮೇಲೆ ಇನ್ನಷ್ಟು ಎಳೆದುಕೊಂಡಳು.