ನಗೆಯ ಸೀನಿಗೆ ಅಳುವ ದನಿ

ಡಬ್ಬಿಂಗ್‌ನಲ್ಲಿ ನಮಗೆ ಪೂರ್ತಿ ಸಿನಿಮಾ ತೋರಿಸುವುದಿಲ್ಲ. ಮೈಕಿನ ಮುಂದೆ ನಿಲ್ಲಿಸಿ ನಮ್ಮ ಪಾತ್ರ ಬರುವ ತುಣುಕನ್ನಷ್ಟೇ ಓಡಿಸುತ್ತಾರೆ. ತುಟಿ ನೋಡಿ ಮಾತು ಕೂಡಿಸಿದರೆ ಮುಗಿಯಿತು. ಹಾಗಾಗಿ ಆ ಹಿಂದಿ ಸಿನಿಮಾದ ಕನ್ನಡ ಅವತರಣಿಕೆಗೆ ಕರೆದಾಗ ನನಗೆ ಗೊತ್ತಿದ್ದದ್ದು ಇಷ್ಟೇ: ಮುಂಬಯಿಯ ಗ್ಯಾಂಗುಗಳ ಕತೆ, ನಿಮಿಷಕ್ಕೊಂದು ಹೆಣ, ಹೆಣಕ್ಕೊಂದು ಜೋಕು. ನನ್ನದು ಒಂದು ಹೆಣದ ಅಕ್ಕನ ಪಾತ್ರ. ಹಿಂದಿ, ಕನ್ನಡ ಎರಡನ್ನೂ ಬರೆದವನು ನಮ್ಮ ಅಮಿತ.

ನಮ್ಮ ಅಮಿತ ಎಂದೆನಲ್ಲ, ನನ್ನ ನಾಲಿಗೆಗೆ ಬುದ್ಧಿಯಿಲ್ಲ. ಧಾರವಾಡದಿಂದ ಮುಂಬಯಿಗೆ ಬಂದ ಹೊಸದರಲ್ಲಿ ಸಯನ್‌ನ ನಮ್ಮ ಮನೆಯಲ್ಲಿ ಎರಡು ವರ್ಷ ಉಂಡವನು. 'ರಶೀದಾ ಅಕ್ಕಾ' ಎಂದು ಬಾಯ್ತುಂಬ ಕರೆಯುತ್ತಿದ್ದ. ಸತ್ತ ತಮ್ಮ ಹಾಶಿಮನ ಜಾಗ ತುಂಬಿತು ಎಂದುಕೊಂಡಿದ್ದೆ. ಹಾಶಿಮ ಗ್ರಾಂಟ್ ರೋಡಿನ ಒಬ್ಬ ಭಾಯಿಯ ಕಾರು ಓಡಿಸುತ್ತಿದ್ದ; ಭಾಯಿಗೆ ಹಾರಿಸಿದ ಗುಂಡು ಇವನಿಗೆ ಬಿತ್ತು.

ಪರದೆಯ ಮೇಲೆ ಆಸ್ಪತ್ರೆ ಬಂತು. ಅಕ್ಕ ಓಡಿ ಬಂದು ಹೆಣದ ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. ಒಂದೇ ಕಾಲಲ್ಲಿ ಚಪ್ಪಲಿ. ಇನ್ನೊಂದು ಎಲ್ಲಿ ಎಂದು ವಾರ್ಡ್‌ಬಾಯ್‌ನ ಕಾಲರ್ ಹಿಡಿಯುತ್ತಾಳೆ, ಸ್ಟ್ರೆಚರಿನ ಕೆಳಗೆ ತೂರುತ್ತಾಳೆ, ಹೆಣ ಉರುಳಿ ಅವಳ ಮೇಲೆ ಬೀಳುತ್ತದೆ. ಗಾಜಿನಾಚೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೆಣ ಉರುಳಿದ್ದೊಂದು ಸುಳ್ಳು. ಉಳಿದದ್ದೆಲ್ಲ ನಾನೇ. ಒಂದೇ ಚಪ್ಪಲಿಯಲ್ಲಿ ತಮ್ಮ ಹೋಗಬಾರದು ಎಂಬುದಷ್ಟೇ ಆ ದಿನ ನನ್ನ ತಲೆಯಲ್ಲಿತ್ತು. ಗಂಡನಿಗೂ ಹೇಳದ ಆ ಹುಚ್ಚನ್ನು ಅಮಿತನಿಗೆ ಹೇಳಿದ್ದೆ. ಉಂಡ ಮನೆಯ ಜಂತಿ ಎಣಿಸುವವರನ್ನು ಕೇಳಿದ್ದೇವೆ. ಇವನು ಜಂತಿಯನ್ನೇ ಕಿತ್ತು ಮಾರಿದ್ದ.

ಗಾಜಿನಾಚೆ ಕೂತಿದ್ದ ಅಮಿತನನ್ನು ಹೊರಗೆ ಕರೆದು, ಕನ್ನಡದಲ್ಲಾದರೂ ಆ ಸೀನು ತೆಗೆಸು ಎಂದೆ. ಎಲ್ಲಕ್ಕಿಂತ ಹೆಚ್ಚು ನಗು ಬರುವುದು ಅಲ್ಲೇ, ಪ್ರೊಡ್ಯೂಸರ್ ಒಪ್ಪುವುದಿಲ್ಲ ಎಂದ.

"ಹೆಸರ ಬದಲಿ ಮಾಡೇನಲ್ಲ ಅಕ್ಕಾ. ನಿಮ್ದಂತ ಯಾರಿಗೆ ಗೊತ್ತಾಗತೈತಿ?"

"ಅಮ್ಮಿಗೆ ಗೊತ್ತಾಗತೈತಿ. ಆವತ್ತ ಆಕಿ ನನ್ನ ಬಾಜೂಕ ನಿಂತಿದ್ಲು. ವಿಜಯಪುರದಾಗ ಕುಂತು ಟೀವಿಯೊಳಗ ಇದನ್ನ ನೋಡ್ತಾಳ."

ಅವನು ಫೋನು ನೋಡಿಕೊಂಡ. ಸ್ಟುಡಿಯೋ ಗಂಟೆಯ ಲೆಕ್ಕದಲ್ಲಿದೆ, ಬೇಗ ಹೇಳಿ ಎಂದ. ನಾನು ಈ ಪಾತ್ರಕ್ಕೆ ಬಾಯಿ ತೆರೆಯುವುದಿಲ್ಲ ಎಂದು ಹೇಳಿ, ಬ್ಯಾಗು ತರಲು ಒಳಗೆ ಹೋದೆ. ಸರಿ ಎನ್ನುವಷ್ಟೂ ಅವನು ತಡಮಾಡಲಿಲ್ಲ. ಬೆಳಗಾವಿಯ ಹೊಸ ಹುಡುಗಿ ಸ್ನೇಹಲ್‌ಳನ್ನು ಆಗಲೇ ಮೈಕಿನ ಮುಂದೆ ನಿಲ್ಲಿಸಿದ್ದರು.

ಅವಳಿಗೆ ಅಳು ಕೂಡಿಬರಲಿಲ್ಲ. ಅಮಿತ ಗಾಜಿನ ಇತ್ತ ಕಡೆಯ ಮೈಕು ಎಳೆದುಕೊಂಡು, ಹಾಗಲ್ಲ, ಮೊದಲು ಉಸಿರು ಸಿಕ್ಕಿಕೊಳ್ಳಬೇಕು ಎಂದ. ಆಮೇಲೆ ತಾನೇ ಅತ್ತು ತೋರಿಸಿದ. ದನಿ ಗಂಟಲಲ್ಲಿ ನಿಂತು, ಎರಡು ಸಲ ಬಿಕ್ಕಿ, ತಮ್ಮನ ಹೆಸರು ಅರ್ಧಕ್ಕೇ ಒಡೆದು ಹೋಯಿತು. ಎಲ್ಲರೂ ಮತ್ತೆ ನಕ್ಕರು.

ಅದು ನನ್ನ ಅಳು. ಅವನ ಮುಂದೆ ನಾನು ಅತ್ತದ್ದು ಒಂದೇ ಸಲ, ನಮ್ಮ ಅಡುಗೆಮನೆಯಲ್ಲಿ. ಅವನು ನೀರಿನ ಲೋಟ ಹಿಡಿದು ಪಕ್ಕದಲ್ಲೇ ಕೂತಿದ್ದ. ಸಮಾಧಾನ ಮಾಡುತ್ತಿದ್ದಾನೆ ಎಂದೇ ನಾನು ತಿಳಿದಿದ್ದೆ.