ಗೇಟು ದಾಟಿದ ಟ್ರಂಕು

ಕರುಣಾಳಿಗೆ ಒಂದು ಕೆಟ್ಟ ಚಟ. ಯಾವುದೇ ಮಾತು ಅರ್ಧಕ್ಕೆ ನಿಂತರೆ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಕಲಿಸಿ ಹೀಗಾಗಿದ್ದಾಳೆ ಎಂದು ಗಂಡ ಶಶಿಕುಮಾರ ಹೇಳುತ್ತಾನೆ. ಛೇ, ಅದು ತೊಟ್ಟಿಲಿನಿಂದಲೇ ಬಂದದ್ದು ಎಂದು ತವರಿನವರು ಹೇಳುತ್ತಾರೆ. ಅಂಥ ಸೊಸೆಯ ಕೈಗೆ ಮಾವ ಗೋವಿಂದಪ್ಪ ತಮ್ಮ ಮಿಲಿಟರಿಯ ಬಿಡುಗಡೆ ಪುಸ್ತಕ ಕೊಟ್ಟು, ‘ಇದರಾಗ ನಾ ಬಿಟ್ಟು ಬಂದ ತಾರೀಖ ತಪ್ಪೈತಿ, ತಿದ್ದಿಸಿ ಕೊಡವಾ’ ಎಂದರೆ ಅವಳು ಸುಮ್ಮನೆ ಅರ್ಜಿ ಬರೆದು ಕೊಟ್ಟಾಳೆಯೇ?

‘ಯಾಕ್ರಿ ಮಾವಾರ, ಪೆನ್ಶನ್ ಏನರ ಕಡಿಮಿ ಬರಾಕತ್ತೈತೇನು?’

‘ಇಲ್ಲ.’

‘ಮತ್ತ?’

‘ತಪ್ಪ ಐತಿ ಅಂದ್ನೆಲ್ಲ. ತಪ್ಪಿದ್ದದ್ದು ತಿದ್ದಬೇಕು.’

ಅಷ್ಟು ಹೇಳಿ ಮುದುಕ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಹಿಮದ ಗುಡ್ಡಗಳಲ್ಲಿ ವರ್ಷಾನುಗಟ್ಟಲೆ ಸೈನ್ಯದ ಟ್ರಕ್ಕು ಓಡಿಸಿದ ಮನುಷ್ಯ. ಬಿಟ್ಟು ಬಂದು ನಲವತ್ತು ವರ್ಷ ಆಗುತ್ತ ಬಂತು. ಪುಸ್ತಕದ ಪ್ರಕಾರ ಅವರು ಅಲ್ಲಿಂದ ಹೊರಟದ್ದು ಡಿಸೆಂಬರಿನ ಒಂದು ಸೋಮವಾರ. ತಾನು ಹೊರಟದ್ದು ಅದಾದ ಮುಂದಿನ ವಾರ ಎಂದು ಅವರ ವಾದ. ಒಂದು ವಾರ ಆಚೆ ಈಚೆ ಆದರೆ ಈಗ ಯಾರ ಗಂಟು ಹೋಗುತ್ತದೆ? ಕರುಣಾ ನೆಟ್ಟಗೆ ಅಡಿಗೆಮನೆಗೆ ಹೋಗಿ ಅತ್ತೆಯ ಮುಂದೆ ಕುಳಿತಳು.

‘ಅವರು ಬಾಯಿ ಬಿಡಂಗಿಲ್ಲ. ನಾ ಹೇಳತೇನಿ ಕೇಳು’ ಎಂದು ಅತ್ತೆ ಪ್ರಭಾವತಿ ಹೇಳಿದ್ದಿಷ್ಟು.

ಆ ವಾರದಲ್ಲೇ ಗೋವಿಂದಪ್ಪನ ತಂದೆ ತೀರಿಕೊಂಡಿದ್ದರು. ಜಡ್ಡು ಬಿಗಡಾಯಿಸಿದಾಗ ಅಕ್ಕ ದುರಗವ್ವ ತಮ್ಮನಿಗೆ ಬೇಗ ಬಾ ಎಂದು ತಾರು ಕೊಡಿಸಿದಳು. ತಾರು ವಾಪಸು ಬಂತು. ಆಸಾಮಿ ಸೋಮವಾರವೇ ಊರಿಗೆ ಹೊರಟು ಹೋಗಿದ್ದಾನೆ ಎಂದು ಬರೆದಿತ್ತು. ಹೊರಟಿದ್ದಾನೆ ಅಂದಮೇಲೆ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಹೆಣ ಇಟ್ಟುಕೊಂಡು ಕಾದರು. ಕಡೆಗೆ ಚಿಕ್ಕಪ್ಪನ ಮಗ ಮಣ್ಣು ಕೊಟ್ಟ. ದಿನಕರ್ಮ ಮುಗಿದ ಮೇಲೆ ಗೋವಿಂದಪ್ಪ ಟ್ರಂಕು ಹೊತ್ತುಕೊಂಡು, ನಗುನಗುತ್ತಾ ಬಂದು ಬಾಗಿಲಲ್ಲಿ ನಿಂತರಂತೆ. ದುರಗವ್ವ ಪುಸ್ತಕ ಕಸಿದುಕೊಂಡು ಮಾಸ್ತರರಿಂದ ಓದಿಸಿದಳು. ಅದರಲ್ಲೂ ಸೋಮವಾರ! ಅವರದೇ ರೆಜಿಮೆಂಟಿನ ಇನ್ನೊಬ್ಬ ಹಿಂದಿನ ವರ್ಷ ಹೀಗೇ ಬಿಡುಗಡೆಯಾಗಿ ಬರುವಾಗ ಮುಂಬೈಯಲ್ಲಿ ಇಳಿದು, ಕೈಯಲ್ಲಿದ್ದದ್ದನ್ನೆಲ್ಲ ಕುಡಿದು ಕುಣಿದು ಕಳೆದು ಬಂದಿದ್ದ. ಇವನೂ ಮುಂಬೈಗೆ ಹೋಗಿದ್ದ ಎಂದು ಊರು ತೀರ್ಮಾನ ಮಾಡಿತು, ಅಕ್ಕನೂ ನಂಬಿದಳು.

‘ಅವತ್ತಿನಿಂದ ಅಕ್ಕ ತಮ್ಮನ ಜೋಡಿ ಮಾತಾಡಿಲ್ಲ. ನಮ್ಮ ಮನ್ಯಾಗ ನೀರ ಸುದ್ದಾ ಕುಡದಿಲ್ಲ. ಹೋಗಿದ್ದೆ ಅಂತ ಒಂದ ಮಾತ ಅನ್ನಲಿ, ಎಲ್ಲಾ ಮರೀತೇನಿ, ಸುಳ್ಳ ಯಾಕ ಹೇಳಬೇಕು ಅಂತಾಳ ಆಕಿ. ಹೋಗದ ಹೋಗೇನಿ ಅಂತ ಹೆಂಗ ಅನ್ನಲಿ ಅಂತಾರ ಇವರು. ಈಗ ಆಕಿ ಬಿದ್ದು ಸೊಂಟದ ಎಲುಬು ಮುರಕೊಂಡಾಳಲ್ಲ, ಇವರಿಗೆ ಅಂಜಿಕಿ ಹತ್ತೇತಿ. ಆಕಿ ಹೋಗೂದರಾಗ ತಿದ್ದಿದ ಪುಸ್ತಕ ಆಕಿ ಕೈಯಾಗ ಇಡಬೇಕಂತ.’

ಅಯ್ಯೋ ಶಿವನೇ, ಎಂದುಕೊಂಡಳು ಕರುಣಾ. ಅವಳಿಗೆ ಮಾವನ ಮೇಲೆ ಕನಿಕರ ಬಂತು. ಆದರೆ, ಸುಳ್ಳು ಯಾಕೆ ಹೇಳಬೇಕು, ಕನಿಕರಕ್ಕಿಂತ ಮುಂಚೆ ಒಂದು ಪ್ರಶ್ನೆ ಬಂದಿತ್ತು: ಆ ಪುಸ್ತಕದಲ್ಲಿ ಸೋಮವಾರ ಅಂತ ಯಾಕೆ ಬಂತು?

ಅರ್ಜಿ ಹೋಯಿತು. ಕೆಲವು ತಿಂಗಳ ಮೇಲೆ ಸೈನಿಕ ಕಲ್ಯಾಣ ಕಚೇರಿಯಿಂದ ಹನಮೇಶ ಫೋನು ಮಾಡಿದ. ತಾನೂ ಸೈನ್ಯದಲ್ಲಿದ್ದು ಬಂದವನು, ಮುದುಕರ ಕೆಲಸವೆಂದರೆ ಮುತುವರ್ಜಿಯಿಂದ ಓಡಾಡುತ್ತಾನೆ. ಕರುಣಾ ಮಾವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದಳು.

‘ಅಲ್ಲಿಂದ ಉತ್ತರ ಬಂದೈತ್ರಿ’ ಎಂದ ಹನಮೇಶ. ‘ತಾರೀಖ ಬರೋಬ್ಬರಿ ಐತಿ ಅಂತಾರ. ಆ ಸೋಮವಾರ ಮುಂಜಾನೆ ಗೋವಿಂದಪ್ಪನವರು ಟ್ರಂಕ್ ತಗೊಂಡು ಗೇಟ್ ದಾಟಿ ಹೋದರು ಅಂತ ಪಹರೆಯವರು ಬರಸ್ಯಾರಂತ. ಅದನ್ನ ನೋಡೇ ಬಿಡುಗಡಿ ತಾರೀಖ ಹಾಕಿದ್ದು.’

ಕರುಣಾ ಮಾವನ ಕಡೆ ತಿರುಗಿದಳು. ‘ಟ್ರಂಕ್ ಅವತ್ತ ಹೊರಗ ಹೋಗಿತ್ತೇನ್ರಿ?’

‘ಹೋಗಿತ್ತು.’

‘ನೀವು?’

‘ನಾ ಒಳಗ ಇದ್ದೆ.’

ಹನಮೇಶನಿಗೆ ನಗು ತಡೆಯಲಾಗಲಿಲ್ಲ. ‘ಯಜಮಾನ್ರ, ಟ್ರಂಕಿಗೆ ಏನ ಕಾಲ ಬಂದಿದ್ವೇನ್ರಿ?’

ಗೋವಿಂದಪ್ಪ ದಡಕ್ಕನೆ ಎದ್ದು ಹೊರಗೆ ಹೋಗಿಬಿಟ್ಟರು. ಹನಮೇಶ ಪೆಚ್ಚಾದ. ಆಮೇಲೆ ದನಿ ತಗ್ಗಿಸಿ, ‘ಅಕ್ಕಾರ, ಟ್ರಂಕ್ ಯಾಕ ಹೊರಗ ಹೋತು, ಅವರ ಯಾಕ ಒಳಗ ಉಳದ್ರು, ಅಷ್ಟ ಅಫಿಡವಿಟ್ ಮಾಡಸ್ರಿ. ಆಗ ಜೋಡಿ ಇದ್ದಾಂವ ಒಬ್ಬ ಸಾಕ್ಷಿ ಹೇಳಿದ್ರ ತಿದ್ದೇ ತಿದ್ದತಾರ’ ಎಂದ.

ಮನೆಗೆ ಬಂದ ಮೇಲೆ ಅವಳು ಕೇಳದ ರೀತಿಯಿಲ್ಲ. ಚಹಾ ಕೊಟ್ಟು ಕೇಳಿದಳು, ಎಲೆ ಅಡಿಕೆ ಕೊಟ್ಟು ಕೇಳಿದಳು. ‘ಇಡೂದಿತ್ತು, ಇಟ್ಟೆ. ಟ್ರಂಕಿಂದೇನ ತಗೊಂಡ ಕುಂತೀ?’ ಎನ್ನುವುದು ಬಿಟ್ಟರೆ ಮುದುಕ ಒಂದಕ್ಷರ ಹೆಚ್ಚಿಗೆ ಆಡಲಿಲ್ಲ. ಅದೂ ಸೊಸೆಯ ಮುಖ ತಪ್ಪಿಸಿ. ಯಾಕೆ ತಪ್ಪಿಸಬೇಕು? ಟ್ರಂಕಿನಲ್ಲಿ ಮಾರುವಂಥದ್ದೇನಾದರೂ ಇತ್ತೇ? ಅಥವಾ ದುರಗವ್ವ ಹೇಳುವುದೇ ನಿಜವೇ? ಮಾವ ಖರೇನೇ ಮುಂಬೈಗೆ ಹೋಗಿದ್ದರೇ? ಹಾಗೊಂದು ಅನುಮಾನ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದರೂ ಅನುಮಾನ ಹೋಗಲಿಲ್ಲ.

ಅಷ್ಟರಲ್ಲಿ ಅವಳಿಗೆ ಮೈಸೂರಿನಲ್ಲಿ ತರಬೇತಿ ಬಂತು. ರೈಲು ಮಂಗಳವಾರ ಸಂಜೆಗೆ. ಮನೆಯ ಹೆಣ್ಣುಮಗಳು ಮಂಗಳವಾರ ಹೊಸ್ತಿಲು ದಾಟುವುದೇ? ಪ್ರಭಾವತಿ ಸುತರಾಂ ಒಪ್ಪಲಿಲ್ಲ. ಸೋಮವಾರವೇ ಸೊಸೆಯ ಬ್ಯಾಗು ಒಯ್ದು ಪಕ್ಕದ ಮನೆಯ ಗುಲ್ನಾಜಳ ಹತ್ತಿರ ಇಟ್ಟು ಬಂದರು. ಪ್ರಸ್ಥಾನ ಇಡುವುದು ಎನ್ನುತ್ತಾರಲ್ಲ, ಅದೇ. ಒಳ್ಳೆಯ ದಿನ ನೋಡಿ ಸಾಮಾನು ಇನ್ನೊಬ್ಬರ ಮನೆಯಲ್ಲಿ ಇಟ್ಟರೆ ಪ್ರಯಾಣ ಅವತ್ತೇ ಶುರುವಾದ ಲೆಕ್ಕ, ಆಳು ಆಮೇಲೆ ಯಾವತ್ತಾದರೂ ಹೋಗಲಿ. ಕರುಣಾಳ ತವರಿನಲ್ಲಿ ಗೋಡೆಯ ಮೇಲೆ ಬುದ್ಧನ ಪಟ, ಪಂಚಾಂಗಕ್ಕೆ ಅಲ್ಲಿ ಜಾಗವೇ ಇಲ್ಲ. ಇಂಥದ್ದನ್ನೆಲ್ಲ ಕಂಡರೆ ಅವಳು ಕಿಸಕ್ಕನೆ ನಗುವವಳು. ಈಗಲೂ ನಕ್ಕಳು, ಆದರೆ ತಡೆಯಲಿಲ್ಲ.

ಮಂಗಳವಾರ ಮುಂಜಾನೆ ನೋಡಿದರೆ ಫೋನಿನ ಚಾರ್ಜರು ಬ್ಯಾಗಿನಲ್ಲೇ ಹೋಗಿತ್ತು. ತರಲೆಂದು ಗುಲ್ನಾಜಳ ಬಾಗಿಲಿಗೆ ಹೋದಳು.

‘ಅಯ್ಯ! ನೀ ಇಲ್ಲೇನ್ ಮಾಡಾಕತ್ತಿ?’ ಎಂದು ಗುಲ್ನಾಜ ಗಲ್ಲಕ್ಕೆ ಕೈ ಹಚ್ಚಿದಳು. ‘ನೀ ನಿನ್ನೇನ ಮೈಸೂರಿಗೆ ಹೋಗೀಯಲ್ಲ ಮಾರಾಯ್ತಿ! ನಿಮ್ಮತ್ತಿನ್ನ ಕೇಳು ಬೇಕಾದ್ರ. ನೀ ಈಗ ಊರಾಗ ಇಲ್ಲ!’

ಕರುಣಾಳ ನಗು ಅರ್ಧಕ್ಕೇ ನಿಂತಿತು. ಚಾರ್ಜರನ್ನೂ ಮರೆತು ಬರಿಗಾಲಲ್ಲೇ ಮನೆಗೆ ಓಡಿದಳು. ಗೋವಿಂದಪ್ಪ ಅಂಗಳದಲ್ಲಿ ಪೇಪರು ಹಿಡಿದು ಕುಳಿತಿದ್ದರು.

‘ಮಾವಾರ, ಆ ಟ್ರಂಕ್ ನೀವು ಪ್ರಸ್ಥಾನ ಇಟ್ಟಿದ್ರಿ! ಹೌದಲ್ರಿ?’

ಮುದುಕ ಪೇಪರು ಮಡಿಚಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಮುಖ ಕೆಂಪಾಯಿತು. ‘ನಗಬ್ಯಾಡ ಮತ್ತ’ ಎಂದರು. ‘ಆಗ ಬ್ಯಾರಕ್‌ನ್ಯಾಗ ಎಲ್ಲಾರೂ ನಕ್ಕಿದ್ರು. ನೀನೂ ನಗತಿ ಅಂತ ಹೇಳಿರಲಿಲ್ಲ.’

‘ನಾ ಯಾಕ ನಗಲಿ? ಪೂರಾ ಹೇಳ್ರಿ.’

ಹೇಳಿದರು. ಗೇಟಿನ ಹೊರಗೆ ಒಬ್ಬ ದರ್ಜಿಯ ಅಂಗಡಿ ಇತ್ತು. ಒಳ್ಳೆಯ ದಿನ ಎಂದು ಸೋಮವಾರ ಬೆಳಿಗ್ಗೆ ಟ್ರಂಕು ಹೊತ್ತು ಅಲ್ಲಿ ಇಟ್ಟು ಬಂದರು. ಒಳಗೆ ಬಂದದ್ದು ಹಿಂದಿನ ಗೇಟಿನಿಂದ, ನೀರಿನ ಟ್ರಕ್ಕು ಓಡಿಸಿಕೊಂಡು; ಅಲ್ಲಿ ಯಾರೂ ಹೆಸರು ಬರೆದುಕೊಳ್ಳಲಿಲ್ಲ. ಎರಡು ದಿನಕ್ಕೆ ಹೊರಡುವುದಿತ್ತು. ಆದರೆ ಹಿಮ ಬಿದ್ದು, ಬೇರೆ ಡ್ರೈವರು ಜಡ್ಡು ಬಿದ್ದು, ಸಾಹೇಬರು ಇನ್ನಷ್ಟು ದಿನ ಇರು ಎಂದರು. ಇದ್ದರು.

‘ಗೇಟಿನಾಗ ಪಹರೆಯಾಂವ ಕೇಳಲಿಲ್ಲೇನು, ಟ್ರಂಕ್ ಎಲ್ಲಿಗೆ ಅಂತ?’

‘ಕೇಳಿದ. ಮನಿಗೆ ಹೊಂಟೇನಿ ಅಂದೆ.’

‘ಅಯ್ಯೋ, ಹಂಗ ಯಾಕ ಅಂದ್ರಿ?’

‘ಪ್ರಸ್ಥಾನ ಇಡಾಕ ಹೊಂಟಾಗ ಮತ್ತೇನನ್ನಬೇಕು? ಇಲ್ಲೇ ಇರತೇನಿ ಅಂದ್ರ ಫಲಾ ಏನ ಉಳೀತು?’ ಎಂದು ಗೋವಿಂದಪ್ಪ ಅವಳನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದರು.

ಕರುಣಾಳಿಗೆ ಕುಣಿಯಬೇಕೆನ್ನುವಷ್ಟು ಖುಷಿ. ಪಹರೆಯವನು ಕೇಳಿದ್ದನ್ನೇ ಬರೆದ, ಕಾರಕೂನ ಅದನ್ನೇ ಪುಸ್ತಕಕ್ಕೆ ಏರಿಸಿದ, ಹೋಗಿದ್ದಾನೆ ಎಂದು ತಾರು ವಾಪಸು ಕಳಿಸಿದರು. ಎಲ್ಲ ಕೂಡಿಬಂತು! ಆ ಬ್ಯಾರಕ್ಕಿನಲ್ಲಿ ನಕ್ಕವರಲ್ಲಿ ಬೈಲಹೊಂಗಲದವನೊಬ್ಬ ಇನ್ನೂ ಗಟ್ಟಿಮುಟ್ಟಾಗಿದ್ದಾನಂತೆ, ಸಾಕ್ಷಿಗೆ ಅವನೇ ಸಾಕು. ಅವಳು ಅಲ್ಲೇ ಕಟ್ಟೆಯ ಮೇಲೆ ಕುಳಿತು ಅಫಿಡವಿಟ್ಟಿನ ಕರಡು ಬರೆಯತೊಡಗಿದಳು.

‘ಸೋಮವಾರಾನ ಯಾಕ್ರಿ ಮಾವಾರ? ದಿನಾ ಯಾರು ನೋಡಿ ಹೇಳಿದ್ರು?’

ಸುಮ್ಮನೆ ಬರೆದು ಮುಗಿಸಬಾರದಿತ್ತೇ ಈ ಹುಡುಗಿ? ಕೇಳಿಬಿಟ್ಟಳು.

‘ಅಕ್ಕ’ ಎಂದರು ಗೋವಿಂದಪ್ಪ. ‘ಅಯ್ಯನವರನ್ನ ಕೇಳಿ ಪತ್ರ ಬರಸಿದ್ಲು. ಇಷ್ಟ ವರ್ಷ ದೇವರು ಕಾದಾನ, ಬರೂ ಹಾದಿನೂ ಸುಖಾ ಆಗಲಿ, ಸೋಮವಾರ ಛಲೋ ಐತಿ, ಹೊಂಡಾಕ ಆಗಲಿಲ್ಲಂದ್ರ ಪ್ರಸ್ಥಾನ ಆದ್ರೂ ಇಡು ಅಂತ...’

ಮುದುಕನ ಮುಖದ ಬಣ್ಣ ಇಳಿಯುವುದನ್ನು ಕರುಣಾ ನೋಡಿದಳು. ಇಷ್ಟು ವರ್ಷ ಅವರು ಕಾರಕೂನನ ಕೈತಪ್ಪು ಎಂದೇ ಬೈದುಕೊಂಡು ಬಂದಿದ್ದರು. ಟ್ರಂಕಿಗೂ ತಾರಿಗೂ ಒಮ್ಮೆಯೂ ಗಂಟು ಹಾಕಿರಲಿಲ್ಲ.

‘ಆಕೀನ ತಾರ ಕಳಸಿದ್ಲು’ ಎಂದರು ನಿಧಾನಕ್ಕೆ. ‘ಆಕಿ ನೋಡಿ ಹೇಳಿದ ದಿನಾನ ಆ ತಾರ ತಿರುಗಿ ಕಳಸ್ತು. ಬರೀಬ್ಯಾಡವಾ. ಹರದು ಒಗಿ.’

‘ಹಂಗಂದ್ರ ಹೆಂಗ್ರಿ? ಜೀವಮಾನ ಪೂರಾ ಸುಳ್ಳಗಾರ ಅನಿಸಿಕೊಂಡೀರಿ. ಈಗ ಖರೇ ಕೈಗೆ ಬಂದೈತಿ!’

‘ನಾ ತಡಕೊಂಡೇನಿ. ಆಕಿ ತಡಕೊಳ್ಳಂಗಿಲ್ಲ. ಅಪ್ಪನ ಮಣ್ಣಿಗೆ ಮಗಾ ಬರದಂಗ ಆಗಿದ್ದು ತನ್ನಿಂದ ಅಂತ ಗೊತ್ತಾದ್ರ ಆ ಮುರದ ಎಲುಬು ಕೂಡತೈತೇನು? ನಲವತ್ತ ವರ್ಷ ತಮ್ಮನ ಜೋಡಿ ಮಾತ ಬಿಟ್ಟೇನಲ್ಲ ಅಂತ ಒಂದ, ಇದೊಂದ. ಸಾಯತಾಳ ಆಕಿ.’

ಕರುಣಾಳಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಇದೆಂಥ ನ್ಯಾಯ? ಆದರೂ ಹಾಳೆ ಹರಿದಳು. ಸಂಜೆ ರೈಲಿನಲ್ಲಿ ಕುಳಿತು ಹನಮೇಶನಿಗೆ ಫೋನು ಮಾಡಿ, ಅರ್ಜಿ ಅಲ್ಲಿಗೇ ಬಿಡ್ರಿ ಎಂದಳು. ಯಾಕ್ರಿ ಅಕ್ಕಾರ ಎಂದು ಅವನು ಕೇಳಿದಾಗ ಮೊದಲ ಸಲ ಅವಳಿಗೆ ‘ಯಾಕ’ ಎಂಬ ಪ್ರಶ್ನೆ ಬೇಡವೆನಿಸಿತು.

ತರಬೇತಿ ಮುಗಿಸಿ ಬಂದ ಭಾನುವಾರ ಗೋವಿಂದಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ‘ಅಕ್ಕನ ಕಡೆ, ಕೇಶ್ವಾಪುರಕ್ಕ ನಡಿ’ ಎಂದರು. ಏನು ಹೇಳುತ್ತೀರಿ ಎಂದು ಅವಳು ಹಾದಿಯುದ್ದಕ್ಕೂ ಕೇಳಿದಳು.

ದುರಗವ್ವ ಮಗನ ಮನೆಯ ನಡುಮನೆಯಲ್ಲಿ ಮಂಚದ ಮೇಲೆ ಮಲಗಿದ್ದಳು. ತಮ್ಮನ ದನಿ ಕೇಳಿದ್ದೇ ಯಾವತ್ತಿನಂತೆ ಗೋಡೆಯ ಕಡೆ ಮುಖ ತಿರುಗಿಸಿದಳು. ಗೋವಿಂದಪ್ಪ ಮಂಚದ ಪಕ್ಕ ನೆಲಕ್ಕೆ ಕುಳಿತರು.

‘ಅಕ್ಕಾ, ಹೋಗಿದ್ದೆ.’

ಗೋಡೆ ನೋಡುತ್ತಲೇ ಮುದುಕಿ, ‘ಎಲ್ಲಿಗೆ?’ ಎಂದಳು. ನಲವತ್ತು ವರ್ಷದಲ್ಲಿ ತಮ್ಮನೊಡನೆ ಆಡಿದ ಮೊದಲ ಮಾತು.

‘ಮುಂಬೈಗೆ.’

ಕರುಣಾ ಬಾಯಿ ತೆರೆದೇಬಿಟ್ಟಳು. ಮಾವ ಅವಳತ್ತ ಒಮ್ಮೆ ನೋಡಿದರು, ಅಷ್ಟೇ. ತೆರೆದ ಬಾಯಿ ಮುಚ್ಚಿಕೊಂಡಳು.

ದುರಗವ್ವ ನರಳುತ್ತಾ ಈ ಕಡೆ ಹೊರಳಿದಳು. ಕೈ ಚಾಚಿ ತಮ್ಮನ ನರೆತ ತಲೆಗೆ ಪಟಪಟ ಹೊಡೆದಳು. ‘ಇಷ್ಟ ಹೇಳಾಕ ಮುದುಕ ಆಗಬೇಕಾತೇನೋ ಗೋಂದ್ಯಾ? ಅವತ್ತ ಹೇಳಿದ್ರ ಅವತ್ತ ಬೈದು ಬಿಡತಿದ್ನೆಲ್ಲೋ ಮೂಳಾ!’ ಎಂದು ಗೊಳೋ ಎಂದು ಅತ್ತಳು. ಗೋವಿಂದಪ್ಪನೂ ಅತ್ತರು. ಅತ್ತು ಮುಗಿದ ಮೇಲೆ ದುರಗವ್ವ ತನ್ನ ಸೊಸೆಗೆ ರೊಟ್ಟಿ, ಎಣ್ಣೆಗಾಯಿ ತರಲು ಹೇಳಿ, ಮಲಗಿದಲ್ಲಿಂದಲೇ ತುತ್ತು ಮುರಿದು ತಮ್ಮನ ಬಾಯಿಗಿಟ್ಟಳು. ಆಮೇಲೆ, ಕುತೂಹಲ ಯಾರನ್ನು ಬಿಟ್ಟಿದೆ, ಕಣ್ಣೊರೆಸಿಕೊಂಡು ಕೇಳಿದಳು:

‘ಏನ ನೋಡಿದ್ಯೋ ಅಲ್ಲಿ?’

ಗೋವಿಂದಪ್ಪ ಜನ್ಮದಲ್ಲಿ ಮುಂಬೈ ಕಂಡವರಲ್ಲ. ದಿಲ್ಲಿ, ಮೀರಜ, ಹುಬ್ಬಳ್ಳಿ, ಅಷ್ಟೇ ಅವರ ಹಾದಿ. ತುತ್ತು ನುಂಗಲು ಸ್ವಲ್ಪ ಹೊತ್ತು ತೆಗೆದುಕೊಂಡರು.

‘ಸಮುದ್ರ.’

‘ಹೆಂಗಿರತೈತಿ?’

‘ನಮ್ಮ ಕೆಲಗೇರಿ ಕೆರಿ ಐತೆಲ್ಲ, ಹಂಗ. ಆದ್ರ ಆ ಕಡಿ ದಂಡಿ ಇಲ್ಲ.’

ದಂಡೆಯಿಲ್ಲದ ನೀರು ಮುದುಕಿಗೆ ನಂಬಿಕೆಯಾಗಲಿಲ್ಲ. ಕರುಣಾಳ ಕಡೆ ನೋಡಿದಳು. ‘ನೀ ಸಾಲಿ ಕಲಸಾಕಿ. ಸುಳ್ಳ ಹೇಳಾಕಿ ಅಲ್ಲ. ಇಂವ ಹೇಳೂದು ಖರೇ ಐತೇನವಾ?’

ಕರುಣಾ ಮಾವನ ಮುಖ ನೋಡಲಿಲ್ಲ.

‘ಖರೇ ಐತ್ರಿ ದೊಡ್ಡತ್ತಿ’ ಎಂದಳು. ‘ಮಾವಾರು ಹೇಳಿದ್ದೆಲ್ಲಾ ಖರೇ ಐತಿ.’